ಮಡ್‌ಗಾರ್ಡ್ ಆರಿಸುವ ಮೊದಲು ನೀರು ಎಲ್ಲಿಗೆ ಹಾರುತ್ತೆ ನೋಡಿ

ರೋಡ್ ಬೈಕ್, ಅಂದರೆ ರಸ್ತೆಯಲ್ಲಿ ವೇಗವಾಗಿ ತುಳಿಯಲು ಮಾಡಿದ ತೆಳು ಟೈರಿನ ಸೈಕಲ್, ಕೊಂಡರೆ ಜೊತೆಗೆ ಮಡ್‌ಗಾರ್ಡ್ ಬರುವುದಿಲ್ಲ. ರೇಸಿಗೆ ಬೇಡ, ತೂಕ ಜಾಸ್ತಿ, ನೋಟ ಕೆಡುತ್ತದೆ. ಕಾರಣಗಳೆಲ್ಲ ಗೊತ್ತಿರುವವೇ. ಆದರೆ ರೋಡ್ ಬೈಕ್ ತುಳಿಯುವವರಲ್ಲಿ ರೇಸಿಗೆ ನಿಲ್ಲುವವರು ಎಷ್ಟು ಜನ? ಉಳಿದವರು ಕೆಲಸಕ್ಕೆ ಹೋಗುವವರು, ರಜೆ ದಿನ ಬೆಳಿಗ್ಗೆ ನೂರು ಕಿಲೋಮೀಟರ್ ಹೊಡೆದು ಬರುವವರು, ಸುಮ್ನೆ ಒಂದು ಸುತ್ತು ಹೊರಡುವವರು. ಅವರಿಗೆಲ್ಲ ಒಂದಲ್ಲ ಒಂದು ದಿನ ಒದ್ದೆ ರಸ್ತೆ ಸಿಕ್ಕೇ ಸಿಗುತ್ತದೆ.

ಮಳೆಯಲ್ಲಿ ನೆನೆಯೋದು ಬೇರೆ, ರಸ್ತೆಯ ನೀರಲ್ಲಿ ನೆನೆಯೋದು ಬೇರೆ. ಮೇಲಿಂದ ಬೀಳುವ ನೀರಿಗೆ ಜಾಕೆಟ್ ಇದೆ. ನೆನೆದರೂ ಒರೆಸಿಕೊಂಡರೆ ಆಯಿತು. ಕೆಳಗಿಂದ ಏಳುವ ನೀರಿನಲ್ಲಿ ಮರಳಿರುತ್ತೆ, ಎಣ್ಣೆ ಇರುತ್ತೆ, ಲಾರಿ ಟೈರಿನ ಪುಡಿ ಇರುತ್ತೆ, ದನ ಹೋದ ದಾರಿಯಾದರೆ ಅದೂ ಇರುತ್ತೆ. ಮಳೆ ನಿಂತು ಬಿಸಿಲು ಬಿದ್ದ ಮೇಲೂ ರಸ್ತೆ ಒಣಗುವ ತನಕ ಈ ನೀರು ಏಳುತ್ತಲೇ ಇರುತ್ತದೆ. ಮಡ್‌ಗಾರ್ಡ್ ಬೇಕಾಗುವುದು ಮಳೆಗಾಗಿ ಅಂತ ಅಂದುಕೊಂಡಿರುತ್ತೇವೆ. ನಿಜವಾಗಿ ಅದು ಬೇಕಾಗುವುದು ಮಳೆ ನಿಂತ ಮೇಲೆ.

"ಯಾವ ಮಡ್‌ಗಾರ್ಡ್ ಒಳ್ಳೇದು?" ಅಂತ ಕೇಳಿದವರಿಗೆ ನಾನು ಕಂಪನಿ ಹೆಸರು ಹೇಳಲು ಹೋಗುವುದಿಲ್ಲ. ನೀರು ಚಕ್ರದ ಯಾವ ಜಾಗದಿಂದ ಎದ್ದು ಎಲ್ಲಿ ಹೋಗಿ ಬೀಳುತ್ತೆ ಅಂತ ಒಮ್ಮೆ ತಿಳಿದುಬಿಟ್ಟರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಉಳಿದರ್ಧವನ್ನು ನಿಮ್ಮ ಸೈಕಲ್ಲೇ ಹೇಳುತ್ತದೆ.

ಟೈರಿಗೆ ಅಂಟಿಕೊಂಡ ನೀರು ಕಳಚಿಕೊಂಡಾಗ, ಆ ಗಳಿಗೆಯಲ್ಲಿ ಟೈರಿನ ಆ ಜಾಗ ಯಾವ ಕಡೆ ಸಾಗುತ್ತಿತ್ತೋ ಅದೇ ಕಡೆಗೆ ಹಾರುತ್ತದೆ. ಸೈಕಲ್ ಮೇಲೆ ಕೂತವರ ಕಣ್ಣಿಂದ ನೋಡಿ. ನೆಲ ಬಿಟ್ಟ ಕೂಡಲೇ ಕಳಚಿದ ನೀರು ಹೆಚ್ಚುಕಮ್ಮಿ ನೆಲಕ್ಕೆ ಸಮವಾಗಿ ಹಿಂದಕ್ಕೆ ಹೋಗುತ್ತದೆ. ಚಕ್ರದ ಹಿಂಬದಿಯಲ್ಲಿ ಆಕ್ಸಲ್ ಎತ್ತರದಲ್ಲಿ ಕಳಚಿದ್ದು ನೇರ ಮೇಲಕ್ಕೆ ಏಳುತ್ತದೆ. ಚಕ್ರದ ನೆತ್ತಿಯಲ್ಲಿ ಕಳಚಿದ್ದು ಮುಂದಕ್ಕೆ ಹಾರುತ್ತದೆ. ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಆ ವೇಗದಲ್ಲಿ ನೇರ ಮೇಲಕ್ಕೆ ಎದ್ದ ಹನಿ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಎರಡೂವರೆ ಮೀಟರ್ ತನಕ ಏರಬಲ್ಲದು. 30 ಕಿ.ಮೀ. ವೇಗಕ್ಕೆ ಅದು ಮೂರೂವರೆ ಮೀಟರ್ ಆಗುತ್ತದೆ. ಗಾಳಿ ಅಷ್ಟು ಏರಲು ಬಿಡುವುದಿಲ್ಲ, ನಿಜ. ಆದರೆ ಕುತ್ತಿಗೆ ತನಕ ಕೆಸರು ಹೇಗೆ ಬರುತ್ತೆ ಅನ್ನುವುದಕ್ಕೆ ಇಷ್ಟು ಸಾಕು.

ಹಿಂದಿನ ಚಕ್ರದ ಕತೆ ಎಲ್ಲರಿಗೂ ಗೊತ್ತು. ಬೆನ್ನ ಮೇಲೆ ಉದ್ದಕ್ಕೆ ಒಂದು ಕಂದು ಗೆರೆ, ಒದ್ದೆಯಾದ ಚಡ್ಡಿ. ಫೋಟೋದಲ್ಲಿ ಕಾಣುವುದು ಇದೇ, ನಗೋದೂ ಇದಕ್ಕೇ. ಹಾಗಾಗಿ ಜನ ಮೊದಲು ಹಿಂದಿನ ಮಡ್‌ಗಾರ್ಡ್ ಹುಡುಕುತ್ತಾರೆ. ನನ್ನನ್ನು ಕೇಳಿದರೆ ಹೆಚ್ಚು ಹಾಳು ಮಾಡುವುದು ಮುಂದಿನ ಚಕ್ರ.

ಮುಂದಿನ ಚಕ್ರದ ಕೆಳಭಾಗದಿಂದ ಹಿಂದಕ್ಕೆ ಹಾರಿದ ನೀರು ನೇರ ಬಂದು ಬೀಳುವುದು ಶೂ ಮೇಲೆ, ಚೈನ್‌ವೀಲ್ ಮೇಲೆ, ಪೆಡಲ್ ನಡುವಿನ ಬೇರಿಂಗ್ ಮೇಲೆ. ಸ್ವಲ್ಪ ಮೇಲಿಂದ ಕಳಚಿದ್ದು ಫ್ರೇಮಿನ ಓರೆ ಕೊಳವೆಗೆ ಬಡಿಯುತ್ತದೆ. ಅಲ್ಲೇ ಇರುವುದು ನಾವು ಬಾಯಿಗಿಡುವ ನೀರಿನ ಬಾಟಲ್. ಇನ್ನೂ ಮೇಲಿನದು ಹ್ಯಾಂಡಲ್ ಬೇರಿಂಗಿನ ಕೆಳಗಿನ ಗೂಡಿಗೆ ನುಗ್ಗುತ್ತದೆ. ಮೇಲಿನ ಬೇರಿಂಗ್ ಹೊಸದರ ಹಾಗೆ ಇದ್ದು ಕೆಳಗಿನದು ತುಕ್ಕು ಹಿಡಿದಿರುವುದು ಇದಕ್ಕೇ. ನೆತ್ತಿಯಿಂದ ಮುಂದಕ್ಕೆ ಹಾರಿದ ಹನಿಯನ್ನು ಗಾಳಿ ತಡೆದು ನಿಧಾನ ಮಾಡುತ್ತದೆ. ಅಷ್ಟರಲ್ಲಿ ನಾವೇ ಹೋಗಿ ಅದಕ್ಕೆ ಮುಖ ಕೊಡುತ್ತೇವೆ. ಕನ್ನಡಕದ ಮೇಲೆ ಬೀಳುವ ಚುಕ್ಕೆಗಳು ಮುಂದಿನ ಕಾರಿನದ್ದೇ ಆಗಬೇಕಿಲ್ಲ.

ಒಂದು ಸಲ ಒದ್ದೆ ರಸ್ತೆಯಲ್ಲಿ ಮುಂದೆ ಮಡ್‌ಗಾರ್ಡ್ ಇಲ್ಲದೆ ಒಂದು ಗಂಟೆ ತುಳಿದು, ಆಮೇಲೆ ಬಾಟಲಿನ ಮೂತಿಯನ್ನು ಬೆರಳಿನಿಂದ ಸವರಿ ನೋಡಿ. ನುಣ್ಣಗಿನ ಬೂದು ಕೆಸರು ಕೂತಿರುತ್ತದೆ. ಹಲ್ಲಿನ ನಡುವೆ ಕರಕರ ಅನ್ನುವ ಮರಳು ಅದೇ. ಅದೇ ಮರಳು ಚೈನಿನ ಎಣ್ಣೆಗೆ ಅಂಟಿಕೊಂಡು, ಪಿನ್ನಿಗೂ ರೋಲರಿಗೂ ನಡುವೆ ಕೂತು, ದಿನವಿಡೀ ಅರೆಯುತ್ತದೆ. ಕಾಲು ತಣ್ಣಗಾಗುವುದನ್ನು ಹೇಗೋ ಸಹಿಸಬಹುದು, ಚೈನ್ ಸವೆಯುವುದನ್ನು ನೋಡಲಾಗದು.

ಹೀಗೆ ನೋಡಿದರೆ ಸೀಟಿನ ಅಡಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಹಾಳೆಯ ಯೋಗ್ಯತೆ ಎಷ್ಟು ಅಂತ ತಿಳಿಯುತ್ತದೆ. ಸ್ವೀಡನ್ನಿನ ಆಸ್ ಸೇವರ್ಸ್ (ಕುಂಡಿ ಉಳಿಸುವವರು) ಕಂಪನಿಯ ಹೆಸರಿನಲ್ಲೇ ಅದರ ಕೆಲಸ ಹೇಳಿಬಿಟ್ಟಿದ್ದಾರೆ. ಅದು ಉಳಿಸುವುದು ಚಡ್ಡಿಯನ್ನು ಮಾತ್ರ. ತೂಕ ಇಲ್ಲ, ಮಡಚಿ ಸೀಟಿನ ಅಡಿಯಲ್ಲೇ ಇಡಬಹುದು, ಫ್ರೇಮಿನಲ್ಲಿ ಜಾಗ ಕೇಳುವುದಿಲ್ಲ. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಕಾಲು, ಚೈನು, ಬಾಟಲು, ಹಿಂದೆ ಬರುವವರ ಮುಖ ಯಾವುದಕ್ಕೂ ಅದರಿಂದ ಉಪಯೋಗವಿಲ್ಲ.

ಹಿಂದೆ ಬರುವವರ ಮುಖ ಅಂದೆನಲ್ಲ, ಅದೂ ಒಂದು ಕತೆ. ಗುಂಪಿನಲ್ಲಿ ಚಕ್ರಕ್ಕೆ ಚಕ್ರ ಹತ್ತಿರ ಇಟ್ಟು ಹೋಗುವಾಗ ಮುಂದಿನವರ ಹಿಂದಿನ ಚಕ್ರ ನಿಮ್ಮ ಬಾಯಿಗೆ ನೇರ ಇರುತ್ತದೆ. ನನ್ನ ಜೊತೆ ತುಳಿಯುವ ಗೆಳೆಯರೊಬ್ಬರು ಮಾತು ಕಮ್ಮಿ ಆಡುವವರು. ಒಂದು ಒದ್ದೆ ಬೆಳಿಗ್ಗೆ ಅವರು ಮುಂದಿದ್ದವನ ಪಕ್ಕಕ್ಕೆ ಬಂದು, "ಮಾರಾಯ, ನೀನಿನ್ನು ಕೊನೆಗೆ ಬಾ. ನಿನ್ನ ಹಿಂದೆ ನಾನು ಬಾಯಿ ತೆರೆಯೋ ಹಾಗಿಲ್ಲ" ಅಂದರು. ಅವನ ಸೈಕಲ್ಲಿನಲ್ಲಿ ಮಡ್‌ಗಾರ್ಡ್ ಇತ್ತು, ಅದೂ ಒಳ್ಳೆಯದೇ. ಆದರೆ ಆಕ್ಸಲಿಗಿಂತ ಮೇಲೇ ಮುಗಿದುಹೋಗಿತ್ತು. ತನ್ನ ಬೆನ್ನಿಗೆ ಅಷ್ಟು ಸಾಕು, ಹಿಂದಿನವರಿಗೆ ಸಾಲದು. ಹಿಂದಿನ ಮಡ್‌ಗಾರ್ಡ್ ಎಲ್ಲಿ ಮುಗಿಯುತ್ತೆ ಅನ್ನುವುದು ನಿಮ್ಮ ಪ್ರಶ್ನೆ ಅಲ್ಲವೇ ಅಲ್ಲ, ಹಿಂದಿನವರದ್ದು.

ಇನ್ನು ಸೈಕಲ್ ಏನು ಹೇಳುತ್ತೆ ನೋಡೋಣ. ಕ್ಯಾಟಲಾಗ್ ತೆರೆಯುವ ಮೊದಲು ಅಲನ್ ಕೀ (ಆರು ಮೂಲೆಯ, ಎಲ್ ಆಕಾರದ ಕೀ) ಸೆಟ್ ತೆಗೆಯಿರಿ. ಟೈರಿಗೆ ಪೂರ್ತಿ ಗಾಳಿ ಹೊಡೆದು, ಟೈರಿಗೂ ಮುಂದಿನ ಬ್ರೇಕಿನ ತಳಕ್ಕೂ ನಡುವೆ 4ರ ಕೀ (4 ಮಿ.ಮೀ. ದಪ್ಪದ್ದು) ತೂರಿಸಿ. ಸಲೀಸಾಗಿ ಹೋಯಿತಾ? 5, 6, 8 ಹೀಗೆ ಏರಿಸುತ್ತಾ ಹೋಗಿ. ಬಿಗಿಯಾಗುವ ಕೀ ನಿಮ್ಮ ಜಾಗದ ಅಳತೆ. ಹಿಂದಿನ ಬ್ರೇಕಿನ ಅಡಿ, ಪೆಡಲ್ ಬೇರಿಂಗಿನ ಹಿಂದೆ ಎರಡು ಕೊಳವೆಗಳನ್ನು ಸೇರಿಸುವ ಅಡ್ಡಪಟ್ಟಿಯ ಹತ್ತಿರ, ಎರಡೂ ಕಡೆ ಹೀಗೇ ನೋಡಿ. ಎಲ್ಲಕ್ಕಿಂತ ಇಕ್ಕಟ್ಟಾದ ಜಾಗವೇ ಕೊನೆಯ ಮಾತು ಹೇಳುವುದು. ಆ ಜಾಗದಲ್ಲಿ ಮಡ್‌ಗಾರ್ಡಿನ ದಪ್ಪ, ಅದನ್ನು ಹಿಡಿಯುವ ಬೋಲ್ಟಿನ ತಲೆ, ಆಮೇಲೆ ಟೈರಿನ ಮೇಲೆ ಖಾಲಿ ಜಾಗ, ಮೂರೂ ಕೂರಬೇಕು. ಟೈರಿಗೂ ಮಡ್‌ಗಾರ್ಡಿಗೂ ನಡುವೆ 8ರಿಂದ 10 ಮಿ.ಮೀ. ಇದ್ದರೆ ನೆಮ್ಮದಿ. 5ಕ್ಕಿಂತ ಕಮ್ಮಿಯಾದರೆ ಒದ್ದೆ ಎಲೆ, ಸಣ್ಣ ಕಲ್ಲು ಅಲ್ಲೇ ಸಿಕ್ಕಿಕೊಂಡು ಸರಸರ ಅನ್ನುತ್ತಿರುತ್ತವೆ.

ರಿಮ್ ಹಿಡಿಯುವ ಬ್ರೇಕ್ ಇರುವ ರೋಡ್ ಬೈಕ್‌ಗಳಲ್ಲಿ ಸಿಕ್ಕು ಇರುವುದು ಬ್ರೇಕಿನಲ್ಲೇ. ರೇಸ್ ಫ್ರೇಮಿಗೆ ಹಾಕುವ ಸಾಮಾನ್ಯ ಕ್ಯಾಲಿಪರಿನ (ರಿಮ್ಮನ್ನು ಎರಡು ಕಡೆಯಿಂದ ಒತ್ತುವ ಬ್ರೇಕಿನ) ತೋಳು ಬೋಲ್ಟಿನಿಂದ ಪ್ಯಾಡಿನ ತನಕ 39ರಿಂದ 49 ಮಿ.ಮೀ. ಇರುತ್ತದೆ. ಸ್ವಲ್ಪ ಉದ್ದ ತೋಳಿನದು 47ರಿಂದ 57. ಎರಡನೆಯದಕ್ಕೆಂದೇ ಮಾಡಿದ ಫ್ರೇಮಾದರೆ 28ರ (ಅಂದರೆ 28 ಮಿ.ಮೀ. ಅಗಲದ) ಟೈರೂ ಮಡ್‌ಗಾರ್ಡೂ ಒಟ್ಟಿಗೆ ಕೂರುತ್ತವೆ. ಮೊದಲನೆಯದಾದರೆ 25ರ ಟೈರೇ ಬ್ರೇಕಿಗೆ ತಾಗುವ ಹಾಗೆ ಇರುತ್ತದೆ. ಉದ್ದ ತೋಳಿನ ಬ್ರೇಕ್ ತಂದು ಹಾಕಿದರೆ ಆಗಲ್ವಾ ಅಂದರೆ, ಆಗಲ್ಲ. ಫ್ರೇಮಿನಲ್ಲಿ ಬ್ರೇಕಿನ ರಂಧ್ರ ಇರುವ ಎತ್ತರ ಬದಲಾಗುವುದಿಲ್ಲ. ಪ್ಯಾಡುಗಳು ರಿಮ್ ದಾಟಿ ಕೆಳಗೆ ಹೋಗುತ್ತವೆ ಅಷ್ಟೇ.

ಟೈರಿನ ಮೇಲೆ ಬರೆದ ಅಂಕಿಯನ್ನೂ ಪೂರ್ತಿ ನಂಬಬೇಡಿ. ಇತ್ತೀಚಿನ ಅಗಲ ರಿಮ್ಮಿನ ಮೇಲೆ ಕೂತರೆ 25 ಅಂತ ಬರೆದ ಟೈರು 27 ದಾಟಬಹುದು. ದಪ್ಪ ಅಳೆಯುವ ವರ್ನಿಯರ್ ಸ್ಕೇಲ್ ಇದ್ದರೆ ಅಳೆದುಬಿಡಿ. ಮಡ್‌ಗಾರ್ಡಿನ ಅಗಲ ಟೈರಿನ ನಿಜವಾದ ಅಗಲಕ್ಕಿಂತ 7-8 ಮಿ.ಮೀ. ಆದರೂ ಜಾಸ್ತಿ ಇರಬೇಕು, ಯಾಕೆಂದರೆ ನೀರು ಟೈರಿನ ಪಕ್ಕದಿಂದಲೂ ಚಿಮ್ಮುತ್ತದೆ. 35 ಮಿ.ಮೀ. ಅಗಲದ್ದು 28ರ ಟೈರಿನ ತನಕ ನಡೆಯುತ್ತದೆ. 45ರದ್ದು ಅದಕ್ಕಿಂತ ದಪ್ಪದವಕ್ಕೆ. ಜಾಗ ಸ್ವಲ್ಪದರಲ್ಲೇ ತಪ್ಪಿದರೆ, 28ರ ಟೈರು ತೆಗೆದು 25 ಹಾಕಿಯಾದರೂ ಮಡ್‌ಗಾರ್ಡ್ ಕೂರಿಸೋಣ ಅನ್ನುವವನು ನಾನು. ಒದ್ದೆ ರಸ್ತೆಗೆ ದಪ್ಪ ಟೈರೇ ಮೇಲು ಅನ್ನುವವರ ಮಾತನ್ನು ತಳ್ಳಿಹಾಕುವುದಿಲ್ಲ. ಇದರಲ್ಲಿ ಜಗಳ ಆಡಲು ಎರಡೂ ಕಡೆ ಸಾಕಷ್ಟು ಸರಕಿದೆ.

ಜಾಗ ಇದೆ ಅಂತಾದರೆ, ಮಡ್‌ಗಾರ್ಡನ್ನು ಹಿಡಿದು ನಿಲ್ಲಿಸುವ ಕಂಬಿ ಸಿಕ್ಕಿಸಲು ರಂಧ್ರ ಇದೆಯಾ? ಹಿಂದಿನ ಆಕ್ಸಲ್ ಹತ್ತಿರ, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ತುದಿಯಲ್ಲಿ, 5 ಮಿ.ಮೀ. ಬೋಲ್ಟ್ ಹಿಡಿಯುವ ಪುಟ್ಟ ಕಣ್ಣುಗಳು. ಇದ್ದರೆ ಬೇರೆ ಯೋಚನೆಯೇ ಬೇಡ, ಪೂರ್ತಿ ಉದ್ದದ, ಬೋಲ್ಟ್ ಹಾಕುವ ಮಡ್‌ಗಾರ್ಡ್ ತಗೊಳ್ಳಿ. ಇಲ್ಲದಿದ್ದರೆ ರಬ್ಬರ್ ಪಟ್ಟಿಯಿಂದ ಫೋರ್ಕಿಗೂ ಫ್ರೇಮಿಗೂ ಬಿಗಿಯುವ ತೆಳ್ಳನೆಯವು ಇವೆ. ಜರ್ಮನಿಯ ಎಸ್‌ಕೆಎಸ್ ಕಂಪನಿಯ ರೇಸ್‌ಬ್ಲೇಡ್ ಈ ಜಾತಿಯದು. ಇಕ್ಕಟ್ಟಾದ ರೇಸ್ ಫ್ರೇಮಿಗೆ ಇದಕ್ಕಿಂತ ಒಳ್ಳೆಯ ದಾರಿ ಕಮ್ಮಿ. ಆದರೆ ಇಂಥವು ಬಹಳಷ್ಟು ಬ್ರೇಕಿನ ಅಡಿಯಲ್ಲಿ ತೂರುವುದಿಲ್ಲ, ಅದರ ಹಿಂದಿನಿಂದ ಶುರುವಾಗುತ್ತವೆ. ಆ ಸಂದಿಯಿಂದ ನೀರು ಬ್ರೇಕಿಗೂ ಮುಖಕ್ಕೂ ಬರುತ್ತಲೇ ಇರುತ್ತದೆ. ರಬ್ಬರ್ ಪಟ್ಟಿಯ ಅಡಿಗೆ ಮರಳು ಸೇರಿದರೆ ಬಣ್ಣ ತಿಕ್ಕಿ ಹೋಗುತ್ತದೆ. ಪಟ್ಟಿ ಕೂರುವ ಕಡೆ ಮೊದಲೇ ಪಾರದರ್ಶಕ ಟೇಪ್ ಅಂಟಿಸಿಬಿಡಿ. ಕಾರ್ಬನ್ ಫೋರ್ಕಿಗೆ ರಂಧ್ರ ಕೊರೆಯುವ ಯೋಚನೆ ಬಂದರೆ ಎದ್ದು ಒಂದು ಲೋಟ ನೀರು ಕುಡಿದು ಬನ್ನಿ.

ಸಿಕ್ಕಿಸಿ ಬಿಚ್ಚುವ ಮಡ್‌ಗಾರ್ಡಿನ ಬಗ್ಗೆ ನನ್ನ ನಿಜವಾದ ತಕರಾರು ಬೇರೆ. ಅದು ಛತ್ರಿಯ ಹಾಗೆ. ಮಳೆ ಬಂದ ದಿನ ಮನೆಯಲ್ಲಿರುತ್ತದೆ. ಬೋಲ್ಟ್ ಹಾಕಿದ್ದು ವರ್ಷವಿಡೀ ಸೈಕಲ್ಲಿನಲ್ಲೇ ಇರುತ್ತದೆ, ಹೊರಡುವಾಗ ಆಕಾಶ ನೋಡುವ ಕೆಲಸ ತಪ್ಪುತ್ತದೆ. ತೂಕದ ಮಾತು ಎತ್ತುವವರಿಗೆ: ಕಂಬಿ, ಬೋಲ್ಟು ಎಲ್ಲ ಸೇರಿ ಒಂದು ಜೊತೆ ಅರ್ಧ ಕೆಜಿ ಆಸುಪಾಸು. ತುಂಬಿದ ಒಂದು ದೊಡ್ಡ ಬಾಟಲ್ ಅದಕ್ಕಿಂತ ಭಾರ.

ಯಾವುದರಿಂದ ಮಾಡಿದ್ದು ಅನ್ನುವುದಕ್ಕೆ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ, ಅಷ್ಟೊಂದು ಬೇಡ. ಎರಡು ಪದರ ಪ್ಲಾಸ್ಟಿಕ್ ನಡುವೆ ತೆಳು ಅಲ್ಯೂಮಿನಿಯಂ ಇಟ್ಟು ಮಾಡಿದವು ಹಗುರ, ಬಾಗುತ್ತವೆ, ಹೇಳಿದ ಮಾತು ಕೇಳುತ್ತವೆ. ಮೊದಲ ಸಲ ಹಾಕುವವರಿಗೆ ಅವೇ ಸರಿ. ಜಪಾನಿನ ಹೊಂಜೊ ಮಾಡುವಂಥ ಅಲ್ಯೂಮಿನಿಯಂ ಮಡ್‌ಗಾರ್ಡುಗಳು, ಅದರಲ್ಲೂ ಸುತ್ತಿಗೆಯ ಗುಳಿ ಬಿದ್ದವು, ನೋಡಲು ಚೆಂದವೋ ಚೆಂದ. ಅಂಚು ಒಳಕ್ಕೆ ಸುರುಳಿ ಆಗಿರುವುದರಿಂದ ಒಳಗೆ ಬಡಿದ ನೀರು ಪಕ್ಕಕ್ಕೆ ಸೋರದೆ ಹರಿದು ತುದಿಯಲ್ಲಿ ಇಳಿಯುತ್ತದೆ. ಆದರೆ ಒಂದೊಂದು ರಂಧ್ರವನ್ನೂ ನೀವೇ ಕೊರೆಯಬೇಕು, ಎಳೆದು ಬಗ್ಗಿಸಿ ಕೂರಿಸಿದರೆ ಆ ಬಿಗಿತಕ್ಕೇ ಬೋಲ್ಟಿನ ಸುತ್ತ ಬಿರುಕು ಬಿಡುತ್ತದೆ. ಸ್ಟೀಲಿನವು ಗಟ್ಟಿ, ಸ್ವಲ್ಪ ಭಾರ.

ಹಾಕುವ ಕೆಲಸಕ್ಕೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ ಅಂತ ಪೊಟ್ಟಣದ ಮೇಲೆ ಬರೆದಿದ್ದರೆ ಬರೆದವರು ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಹಾಕಿ ನೋಡಿಲ್ಲ. ಡಿಸ್ಕಿನ ಕ್ಯಾಲಿಪರ್ ಕಂಬಿ ಹೋಗುವ ದಾರಿಯಲ್ಲೇ ಕೂತಿರುತ್ತದೆ. ಉದ್ದ ಬೋಲ್ಟು, ನಡುವೆ ಸ್ಪೇಸರ್, ಇಲ್ಲವೇ ಕಂಬಿಯನ್ನೇ ಬಗ್ಗಿಸಿ ಸುತ್ತು ಹಾಕಿಸಬೇಕು. ಎಲ್ಲ ಬೋಲ್ಟನ್ನೂ ಮೊದಲು ಸಡಿಲವಾಗಿಯೇ ಹಾಕಿ. ಚಕ್ರ ತಿರುಗಿಸುತ್ತಾ ಪಕ್ಕದಿಂದ ನೋಡಿ. ಟೈರಿನ ಗೆರೆಗೂ ಮಡ್‌ಗಾರ್ಡಿನ ಗೆರೆಗೂ ನಡುವಿನ ಸಂದಿ ಮೇಲೂ ಕೆಳಗೂ ಒಂದೇ ಸಮ ಇರಬೇಕು. ಒಂದು ಕಡೆ ಕಂಬಿ 2 ಮಿ.ಮೀ. ಎಳೆದರೆ ಇನ್ನೊಂದು ಕಡೆ ಉಬ್ಬುತ್ತದೆ, ಅದನ್ನು ಸರಿ ಮಾಡಿದರೆ ಮೊದಲಿನದು ಕೆಡುತ್ತದೆ. ಈ ಎಳೆದಾಟ ನನಗೆ ಇಷ್ಟ, ಮನೆಯವರಿಗೆ ಅಲ್ಲ. ಗೆರೆ ಕೂತ ಮೇಲೆ ಬಿಗಿ ಮಾಡಿ, ಕ್ಲಿಪ್ಪಿನಿಂದ ಆಚೆ ಉಳಿದ ಕಂಬಿಯನ್ನು ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ, ತುದಿಗೆ ಟೊಪ್ಪಿ ಹಾಕಿ. ಚೂಪು ಕಂಬಿ ಬಿಟ್ಟರೆ ಬಿದ್ದಾಗ ಮೊಣಕಾಲಿಗೆ ಇಳಿಯುತ್ತದೆ. ಬೋಲ್ಟಿಗೆ ಒಂದು ಹನಿ ನೀಲಿ ಲಾಕ್‌ಟೈಟ್ ಅಂಟು ಹಾಕಿದರೆ ಕಂಪನಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಗಡಗಡ ಸದ್ದು ಮಾಡುವ ಮಡ್‌ಗಾರ್ಡ್ ಅಂದರೆ ಎಲ್ಲೋ ಒಂದು ಬೋಲ್ಟ್ ಸಡಿಲ, ಇಲ್ಲವೇ ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವೆ ವಾಷರ್ ಇಲ್ಲ.

ಮುಂದಿನ ಕಂಬಿಗೆ ಕಳಚಿಕೊಳ್ಳುವ ಕ್ಲಿಪ್ ಇದೆಯಾ ಅಂತ ನೋಡದೆ ಕೊಳ್ಳಬೇಡಿ. ಇದೊಂದರಲ್ಲಿ ನನಗೆ ರಾಜಿ ಇಲ್ಲ. ರಸ್ತೆಯಲ್ಲಿ ಬಿದ್ದ ಕಡ್ಡಿಯೊಂದನ್ನು ಟೈರು ಎತ್ತಿಕೊಂಡು ಮಡ್‌ಗಾರ್ಡಿನ ಒಳಕ್ಕೆ ಎಳೆದರೆ, ಮಡ್‌ಗಾರ್ಡ್ ಮುದುಡಿ ಫೋರ್ಕಿನ ಅಡಿಗೆ ಬೆಣೆಯ ಹಾಗೆ ನುಗ್ಗುತ್ತದೆ. ಚಕ್ರ ಅಲ್ಲೇ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಎಳೆತ ಬಿದ್ದ ಕೂಡಲೇ ಕಂಬಿ ಪಟ್ಟನೆ ಬಿಟ್ಟುಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ ಇದಕ್ಕೇ ಇರುವುದು. ಅದು ಆಗಾಗ ಕಳಚುತ್ತೆ ಅಂತ ಪ್ಲಾಸ್ಟಿಕ್ ಕೇಬಲ್ ಟೈ ಹಾಕಿ ಕಟ್ಟಿದವರನ್ನು ನೋಡಿದ್ದೇನೆ. ಕಳಚುವುದೇ ಅದರ ಕೆಲಸ.

ಸಣ್ಣ ಸೈಜಿನ ಫ್ರೇಮಾದರೆ ಇನ್ನೊಂದನ್ನು ನೋಡಿಕೊಳ್ಳಿ. ಸೀಟಿನಲ್ಲಿ ಕೂತು, ಪೆಡಲ್‌ಗಳನ್ನು ನೆಲಕ್ಕೆ ಸಮವಾಗಿ ಇಟ್ಟು, ಹ್ಯಾಂಡಲ್ ತಿರುಗಿಸಿ. ಶೂ ತುದಿ ಮಡ್‌ಗಾರ್ಡಿಗೆ ತಾಗುತ್ತಾ? ವೇಗದಲ್ಲಿ ಹೋಗುವಾಗ ಹ್ಯಾಂಡಲ್ ಅಷ್ಟು ತಿರುಗುವುದಿಲ್ಲ, ತೊಂದರೆ ಇಲ್ಲ. ನಿಧಾನವಾಗಿ ಯೂ ಟರ್ನ್ ಹೊಡೆಯುವಾಗ ಮಾತ್ರ ಹುಷಾರು.

ಅಂಗಡಿಯಿಂದ ಬಂದ ಮುಂದಿನ ಮಡ್‌ಗಾರ್ಡ್ ಸಾಮಾನ್ಯವಾಗಿ ಬೇಕಾದದ್ದಕ್ಕಿಂತ ಗಿಡ್ಡ. ಕಾಲಿಗೂ ಚೈನಿಗೂ ಬರುವ ನೀರು ಕಳಚುವುದು ಚಕ್ರದ ತೀರಾ ಕೆಳಗಿನಿಂದ ಅಂತ ಆಗಲೇ ನೋಡಿದೆವಲ್ಲ. ತುದಿಗೆ ರಬ್ಬರ್ ಪಟ್ಟಿ ಸೇರಿಸಿ ನೆಲದಿಂದ ನಾಲ್ಕು ಬೆರಳು ಎತ್ತರದ ತನಕ ಇಳಿಸಿ. ಕೊಂಡು ತರಲೇಬೇಕು ಅಂತಿಲ್ಲ, ಹಳೇ ಪ್ಲಾಸ್ಟಿಕ್ ಬಾಟಲ್ ಕತ್ತರಿಸಿದರೂ ಕೆಲಸ ಆಗುತ್ತದೆ. ಬಾಟಲಿನ ದುಂಡು ಮಡ್‌ಗಾರ್ಡಿನ ದುಂಡಿಗೆ ತಾನಾಗಿ ಕೂರುತ್ತದೆ. ಎರಡು ರಂಧ್ರ, ಎರಡು ಸಣ್ಣ ಬೋಲ್ಟು ಸಾಕು. ಬಾಗುವ ವಸ್ತುವೇ ಆಗಿರಲಿ, ರಸ್ತೆಯ ಉಬ್ಬಿಗೆ ತಾಗಿದರೆ ಮಣಿದು ಹಿಂದಕ್ಕೆ ಬರಬೇಕು. ಮಡ್‌ಗಾರ್ಡ್ ಮೇಲೆ ಮಾಡಿದ ಎಲ್ಲ ಖರ್ಚಿಗಿಂತ ಈ ತುಂಡು ಪ್ಲಾಸ್ಟಿಕ್ಕಿನ ಫಲ ಜಾಸ್ತಿ ಅಂತ ನನ್ನ ಕಾಲ್ಚೀಲ ಸಾಕ್ಷಿ ಹೇಳುತ್ತದೆ. ಹಿಂದಿನದಕ್ಕೂ ಇಂಥದ್ದೊಂದು ಹಾಕಿದರೆ ಗುಂಪಿನಲ್ಲಿ ನಿಮ್ಮ ಹಿಂದೆ ಬರಲು ಜನ ಸಿಗುತ್ತಾರೆ.

ಅಲನ್ ಕೀ 4ರಲ್ಲೇ ಸಿಕ್ಕಿಕೊಂಡಿತು, ರಂಧ್ರವೂ ಇಲ್ಲ ಅಂತಾದರೆ ಈಗಿನ ಸೈಕಲ್ಲಿಗೆ ತೆಳ್ಳನೆಯದನ್ನು ಸಿಕ್ಕಿಸಿಕೊಂಡು ಸುಮ್ಮನಿರಿ. ಮುಂದಿನ ಸೈಕಲ್ ಕೊಳ್ಳುವಾಗ ವಿವರದ ಪುಟದಲ್ಲಿ ಟೈರಿನ ಗರಿಷ್ಠ ಅಗಲ ಹುಡುಕಿ. ಡಿಸ್ಕ್ ಬ್ರೇಕ್ ಬಂದ ಮೇಲೆ ಟೈರಿನ ಮೇಲೆ ಬ್ರೇಕ್ ಕೂರುವ ಕಾಟ ತಪ್ಪಿ, ಆರಾಮದ ಸವಾರಿಗೆಂದು ಮಾಡಿದ ರೋಡ್ ಬೈಕ್‌ಗಳಲ್ಲಿ ಜಾಗ ಎಷ್ಟೋ ಹೆಚ್ಚಿದೆ. ಒಳ್ಳೆಯ ಕಂಪನಿಗಳು ಎರಡು ಅಂಕಿ ಕೊಡುತ್ತವೆ: 35, ಮಡ್‌ಗಾರ್ಡ್ ಹಾಕಿದರೆ 32, ಹೀಗೆ. ಎರಡನೇ ಅಂಕಿ ಇಲ್ಲದಿದ್ದರೆ ಕೇಳಿ. ಮಾರುವವರು ಗೇರು, ರಿಮ್ಮು, ತೂಕ ಅಂತ ಹೇಳುತ್ತಿರಲಿ, ನೀವು ಬಗ್ಗಿ ಫೋರ್ಕಿನ ತುದಿಯಲ್ಲಿ ಎರಡು ಕಣ್ಣು, ಹಿಂದೆ ಎರಡು, ಫೋರ್ಕಿನ ನೆತ್ತಿಯ ಅಡಿಯಲ್ಲಿ ಒಂದು ರಂಧ್ರ ಹುಡುಕಿ. ಆ ಐದೂ ಇದ್ದರೆ ಬಣ್ಣ ಯಾವುದಾದರೂ ಪರವಾಗಿಲ್ಲ, ನಾನಾದರೆ ತಗೋತೀನಿ.